ಜಲ್ಲಿಕಲ್ಲು

ಶನಿವಾರ ಅಗತ್ತಿಯಿಂದ ಎದ್ದ ಪುಟಾಣಿ ವಿಮಾನದಲ್ಲಿ
ಚೆರಿಯಕೋಯ ಕಾಕಾ ಕಿಟಕಿಯ ಸೀಟು ನನಗೇ ಬಿಟ್ಟರು.
"ಕಡಲನ್ನ ಮೇಲಿಂದ ನೋಡಬಾರದು," ಅಂದರು,
"ಅದರ ಬೋಳುನೆತ್ತಿ ಕಂಡುಬಿಡುತ್ತೆ."

ಅರವತ್ತೆಂಟು ವರ್ಷ. ದೋಣಿ ಕಟ್ಟುವ ಕೈ.
ಎಂಜಿನ್ನಿನ ಪಕ್ಕ ಕೂತೂ ಕೂತೂ ಹೋದ ಕಿವಿ.
ನಾನು ಹವಾಮಾನ ಕಚೇರಿಯವಳು,
ಹುಟ್ಟಿದ್ದು ಶ್ರೀರಾಮಪುರ, ಮೂರು ವರ್ಷದಿಂದ ದ್ವೀಪ.
ಅಲ್ಲಿ ನನ್ನ ಹೆಸರು ಯಾರಿಗೂ ಬೇಕಿಲ್ಲ,
ಎಲ್ಲರ ಬಾಯಲ್ಲೂ ನಾನು "ಕಾಲಾವಸ್ಥೆ":
ಕಾಲಾವಸ್ಥೆ ಮೀನು ತಗೊಂಡಳಾ,
ಕಾಲಾವಸ್ಥೆಗೆ ಜ್ವರವಂತೆ.

ಜಯನಗರದ ಕ್ಲಿನಿಕ್ಕಿನ ಹುಡುಗಿ ಅಂದಳು:
ಬೀಪ್ ಕೇಳಿದಾಗ ಕೈ ಎತ್ತೋಕೆ ಹೇಳಿ.
ನಾನದನ್ನು ದ್ವೀಪದ ಮಾತಿಗೆ ತಿರುಗಿಸಿದೆ.
ಬೀಪ್ ಇಲ್ಲದಾಗಲೂ ಕಾಕಾ ಕೈ ಎತ್ತಿದರು,
ಪಾಪ, ಆ ಹುಡುಗಿಗೆ ಬೇಜಾರಾಗಬಾರದು ಅಂತ.

ಹುಣಸೆಬೀಜದ ಗಾತ್ರದ ಮಿಷನ್ನು.
ಸಿಕ್ಕಿಸಿಕೊಂಡು ಮೆಟ್ಟಿಲಿಳಿದರೆ
ನಾಲ್ಕನೇ ಬ್ಲಾಕು ಒಟ್ಟಿಗೇ ನುಗ್ಗಿತು ಒಳಗೆ,
ಕಬ್ಬಿನ ಗಾಣದ ಗೆಜ್ಜೆ, ಬಸ್ಸಿನ ಬ್ರೇಕು,
"ಇನ್ನೂರಕ್ಕೆ ಎರಡು, ಇನ್ನೂರಕ್ಕೆ ಎರಡು,"
ಯಾರದೋ ಮನೆಯ ಕುಕ್ಕರಿನ ಮೂರನೇ ಕೂಗು.
ಕಳಚಿ, ಅಂಗಿಜೇಬಿಗೆ ಹಾಕಿ, ಮೇಲೆ ಅಂಗೈ ಇಟ್ಟುಕೊಂಡರು
ಹಿಡಿದ ಮೀನು ಜಿಗಿದೀತು ಅನ್ನುವ ಹಾಗೆ.

ದಾರಿ ತಪ್ಪಿದ್ದು ಅವರಲ್ಲ, ನಾನು.
ಅಲ್ಲಿ ಯಾವ ಓಣಿ ಹಿಡಿದರೂ ಐದು ನಿಮಿಷಕ್ಕೆ ನೀರು;
ಇಲ್ಲಿ ಅಡ್ಡರಸ್ತೆಯ ತುದಿಗೆ ಮುಖ್ಯರಸ್ತೆ,
ಅದರ ತುದಿಗೆ ಇನ್ನೊಂದು ಅಡ್ಡರಸ್ತೆ.
ನಾನೇ ಸೈಕಲ್ ಕಲಿತ ಊರು, ಆದರೂ ಪ್ರತಿ ತಿರುವಿಗೆ
ಈಗ ಬೆಳಕು ಬಿಚ್ಚಿಕೊಳ್ಳುತ್ತೆ ಅಂತ ಕಾಲು ಕಾಯುತ್ತಿತ್ತು.
ಸಿಕ್ಕಿದ್ದು ಒಂದು ಟ್ರಾನ್ಸ್‌ಫಾರ್ಮರು,
ಅದರ ನೆರಳಲ್ಲಿ ಮಲಗಿದ ನಾಯಿ.

ರಾತ್ರಿ ಅಕ್ಕನ ಮನೆಯ ತಾರಸಿಯಲ್ಲಿ ಮತ್ತೆ ಹಾಕಿಕೊಂಡರು.
"ಕಡಲಿನ ಥರಾನೇ ಕೇಳುತ್ತೆ, ಅಲ್ವಾ ಕಾಕಾ?"
ಅಂದೆ, ಊರಿನ ಪರವಾಗಿ.
ತುಂಬಾ ಹೊತ್ತು ಕೇಳಿದರು.
"ಇಲ್ಲ. ಕಡಲು ಅಲೆ ಒಗೆದು ಉಸಿರು ತಗೊಳ್ಳುತ್ತೆ.
ಇದು ತಗೊಳ್ಳೋದೇ ಇಲ್ಲ."

ಮೂರೂವರೆಗೆ ಬಾಗಿಲು ಬಡಿದರು.
"ತಗೊಂಡಿತು! ಈಗ. ಒಂದೇ ಸಲ."
ನಾನು ಎದ್ದು ಬರುವಷ್ಟರಲ್ಲಿ
ಹಾಲಿನ ಗಾಡಿ.

ಭಾನುವಾರ ಮಾರ್ಕೆಟ್ಟಿನಲ್ಲಿ ತೆಂಗಿನಕಾಯಿಯ ಬೆಲೆ ಕೇಳಿ ನಕ್ಕರು.
ನಗುವಿಗೆ ಹೆದರಿ ಅಂಗಡಿಯವನು ಐದು ರೂಪಾಯಿ ಇಳಿಸಿದ.
ಮತ್ತೂ ನಕ್ಕರು.

ಮೊಮ್ಮಗಳು ಹಫ್ಸತ್ ಕೊಟ್ಟ ಚೀಟಿಯಲ್ಲಿ ಒಂದೇ ಪದ: ಕಲ್ಲು.
ಹವಳದ ಮೇಲೆ ಹುಟ್ಟಿದ ಮಗು,
ಕಾಲಡಿಗೆ ಬಿಳಿ ಮರಳು, ಗೋಡೆಗೆ ಬಿಳಿ ಹವಳ,
ಕಪ್ಪುಕಲ್ಲು ಅವಳಿಗೆ ಪಾಠಪುಸ್ತಕದ ಪ್ರಾಣಿ.
ಲಾಲ್‌ಬಾಗಿನ ಬಂಡೆ ಹತ್ತಿ ಕಾಕಾ ಚಪ್ಪಲಿ ಬಿಟ್ಟರು,
ಹಿಮ್ಮಡಿಯಿಂದ ಎರಡು ಸಲ ಗುದ್ದಿದರು, ಹೊಸ ಹಲಗೆಯನ್ನು ಗುದ್ದುವ ಹಾಗೆ.
"ಇದು ತೇಲಲ್ಲ," ಅಂದರು.
ಕೀಳುವಂಥದ್ದೂ ಆಗಿರಲಿಲ್ಲ.

ಕೊನೆಗೆ ಅಕ್ಕನ ಬೀದಿಯಲ್ಲಿ, ಅಗೆದುಬಿಟ್ಟ ಚರಂಡಿಯ ಪಕ್ಕ,
ಜಲ್ಲಿಯ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು
ಆರಿಸಿದರು ಎರಡು ತುಂಡು,
ಅಕ್ಕಿಯಲ್ಲಿ ಕಲ್ಲು ಆರಿಸುವಷ್ಟು ನಿಧಾನ,
ಈ ಸಲ ಇಟ್ಟುಕೊಳ್ಳುವುದಕ್ಕೆ.

ಸೋಮವಾರ ಏರ್‌ಪೋರ್ಟಿನ ಪೊಲೀಸಮ್ಮ ಚೀಲ ಬಿಚ್ಚಿಸಿದಳು.
"ಏನಿದು?"
"ಕಲ್ಲು."
"ಯಾವ ಕಲ್ಲು?"
"ಜಲ್ಲಿ."
ದೀಪಕ್ಕೆ ಹಿಡಿದಳು, ಮೂಸಿದಳು, ಇನ್ನೊಬ್ಬನನ್ನು ಕರೆದಳು.
ಅವನು ಉಗುರಿಂದ ಕೆರೆದು ನೋಡಿದ.
ನಮ್ಮ ಹಿಂದೆ ಸಾಲು ಬೆಳೆಯಿತು. ಕಾಕಾ ಮಾತ್ರ
ಚಿನ್ನ ಒತ್ತೆಯಿಡಲು ಬಂದವರ ಗತ್ತಿನಲ್ಲಿ ನಿಂತಿದ್ದರು.

ರನ್‌ವೇ ಬೇಲಿಯಾಚೆಗೇ ಹಫ್ಸತ್ ಕಾಯುತ್ತಿದ್ದಳು.
ಕಲ್ಲನ್ನು ಫ್ರಾಕಿಗೆ ಒರೆಸಿದಳು, ತೂಗಿದಳು,
ಒಂದು ಮೂಲೆಗೆ ನಾಲಿಗೆ ತಾಗಿಸಿದಳು.
ಮುಖ ಕಿವುಚಿ,
"ಕಾಲಾವಸ್ಥೆ, ಇದರಲ್ಲಿ ಉಪ್ಪೇ ಇಲ್ಲ," ಅಂದಳು
ಅಡಿಗೆ ಮಾಡಿದವಳು ನಾನೇ ಅನ್ನುವ ಹಾಗೆ.

ನಾನು ಕಾಕಾನ ಕಡೆ ನೋಡಿದೆ.
ಕೇಳಿಸದವರಂತೆ ದೋಣಿಯ ಕಡೆ ನಡೆದೇಬಿಟ್ಟರು,
ಮಿಷನ್ನು ಕಿವಿಯಲ್ಲೇ ಇತ್ತು.